ತುಂಬು ಬಸುರಿ: ಎಷ್ಟು ನಡಿಗೆ, ಎಂಥ ನಿದ್ದೆ?

"ಡಾಕ್ಟ್ರೇ, ಎಡಮಗ್ಗುಲಲ್ಲೇ ಮಲಗಬೇಕಂತೆ. ನಿದ್ದೆಗಣ್ಣಲ್ಲಿ ಬಲಕ್ಕೆ ಹೊರಳಿಬಿಟ್ಟರೆ ಮಗುವಿಗೆ ಏನಾದರೂ ಆಗುತ್ತದೆಯೇ?" ಏಳು ತಿಂಗಳು ತುಂಬಿದ ಬಸುರಿಯರಲ್ಲಿ ಈ ಪ್ರಶ್ನೆ ಕೇಳದವರು ಕಡಿಮೆ. ಜೊತೆಗೆ ಬಂದ ಅಮ್ಮನೋ ಅತ್ತೆಯೋ ಪಕ್ಕದಲ್ಲೇ ಕುಳಿತಿರುತ್ತಾರೆ. ಅವರದು ಬೇರೆಯೇ ದೂರು: "ಇವಳು ಹಗಲೆಲ್ಲ ಮಲಗಿಯೇ ಇರುತ್ತಾಳೆ. ನಾವು ನೋವು ಬರುವ ತನಕ ಒರಳಲ್ಲಿ ರುಬ್ಬುತ್ತಿದ್ದೆವು. ನೀವಾದರೂ ಸ್ವಲ್ಪ ಬುದ್ಧಿ ಹೇಳಿ." ಮಗಳಿಗೆ ರಾತ್ರಿ ನಿದ್ದೆಯಿಲ್ಲ, ಅದಕ್ಕೇ ಹಗಲು ಮಲಗುತ್ತಾಳೆ. ಹಗಲು ಮೂರು ಗಂಟೆ ಮಲಗಿ ಎದ್ದವಳಿಗೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು? ಒಂದು ಇನ್ನೊಂದಕ್ಕೆ ಗಂಟು ಹಾಕಿಕೊಂಡಿರುವುದರಿಂದ ಈ ವಾರ ಎರಡನ್ನೂ ಒಟ್ಟಿಗೇ ನೋಡೋಣ.

ಮೊದಲು ಮಲಗುವ ಭಂಗಿ. ಏಳನೆಯ ತಿಂಗಳಿನ ಹೊತ್ತಿಗೆ ಮಗು, ಮಾಸು, ನೀರು ಎಲ್ಲವನ್ನೂ ಹೊತ್ತ ಗರ್ಭಕೋಶ ಸಾಕಷ್ಟು ಭಾರವಾಗಿರುತ್ತದೆ. ಅಂಗಾತ ಮಲಗಿದಾಗ ಆ ಭಾರವೆಲ್ಲ ಬೆನ್ನುಮೂಳೆಯ ಮುಂದೆ ಹಾದುಹೋಗುವ ದೊಡ್ಡ ಅಭಿಧಮನಿಯ ಮೇಲೆ ಬೀಳುತ್ತದೆ. ಕಾಲು ಮತ್ತು ಸೊಂಟದ ಭಾಗದಿಂದ ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ನಾಳ ಇದು. ಇದು ಅಮುಕಿಕೊಂಡರೆ ಹೃದಯಕ್ಕೆ ಬರುವ ರಕ್ತ ಕಡಿಮೆಯಾಗುತ್ತದೆ, ಹೃದಯ ಹೊರಗೆ ತಳ್ಳುವ ರಕ್ತವೂ ಕಡಿಮೆಯಾಗುತ್ತದೆ, ಗರ್ಭಕೋಶಕ್ಕೆ ಹೋಗುವ ಪಾಲೂ ತಗ್ಗುತ್ತದೆ. ಕೆಲವರಿಗೆ ಪರೀಕ್ಷೆಯ ಮಂಚದ ಮೇಲೆ ಅಂಗಾತ ಮಲಗಿಸಿದ ಐದೇ ನಿಮಿಷದಲ್ಲಿ ಬೆವರಿ, ತಲೆ ತಿರುಗಿ, ಹೊಟ್ಟೆ ತೊಳಸಿದಂತಾಗುವುದು ಇದರಿಂದಲೇ. ಪಕ್ಕಕ್ಕೆ ತಿರುಗಿಸಿದರೆ ಸರಿಹೋಗುತ್ತಾರೆ.

ಇದು ಬರಿಯ ತಲೆಸುತ್ತಿನ ಮಾತಲ್ಲ ಎಂಬುದು ಈಚೆಗೆ ಸ್ಪಷ್ಟವಾಗುತ್ತಾ ಬಂದಿದೆ. 2011ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಿಂದ, 2017ರಲ್ಲಿ ಬ್ರಿಟನ್ನಿನಿಂದ ಪ್ರಕಟವಾದ ಅಧ್ಯಯನಗಳು, ಮಗು ಹೊಟ್ಟೆಯಲ್ಲೇ ತೀರಿಕೊಂಡ ತಾಯಂದಿರನ್ನೂ ಮಗು ಚೆನ್ನಾಗಿದ್ದ ತಾಯಂದಿರನ್ನೂ ಅವರು ಮಲಗುತ್ತಿದ್ದ ರೀತಿಯ ಬಗ್ಗೆ ವಿಚಾರಿಸಿದವು. 2019ರಲ್ಲಿ ಇಂಥ ಹಲವು ಅಧ್ಯಯನಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, 28 ವಾರಗಳ ನಂತರ ಅಂಗಾತ ಮಲಗಿ ನಿದ್ದೆಹೋಗುವವರಲ್ಲಿ ಈ ಅಪಾಯ ಸುಮಾರು ಎರಡೂವರೆ ಪಟ್ಟು ಹೆಚ್ಚೆಂದು ಕಂಡಿತು. 30ನೆಯ ವಾರದವರೆಗೆ ಮಾತ್ರ ಗಮನಿಸಿದ ಅಮೆರಿಕದ ಒಂದು ಅಧ್ಯಯನದಲ್ಲಿ ಈ ಸಂಬಂಧ ಕಾಣಲಿಲ್ಲ, ಅದನ್ನೂ ಹೇಳಬೇಕು. ಎರಡೂವರೆ ಪಟ್ಟು ಎಂದ ಕೂಡಲೇ ಹೆದರಬೇಡಿ. ಮೂಲದಲ್ಲಿ ಈ ಅಪಾಯ ಚಿಕ್ಕದು. ಅಂಗಾತ ಮಲಗಿದವರಲ್ಲಿ ಬಹುಪಾಲು ಜನ ಆರೋಗ್ಯವಂತ ಮಕ್ಕಳನ್ನೇ ಹೆತ್ತಿದ್ದಾರೆ. ಆದರೆ ಮಗ್ಗುಲಾಗಿ ಮಲಗಲು ದುಡ್ಡೇನೂ ಕೊಡಬೇಕಾಗಿಲ್ಲವಲ್ಲ.

ಇನ್ನು ಎಡವೋ ಬಲವೋ? ಎಡಮಗ್ಗುಲಿನಲ್ಲಿ ಆ ನಾಳದ ಮೇಲಿನ ಒತ್ತಡ ತುಸು ಕಡಿಮೆ, ಎದೆಯುರಿಯೂ ಕಡಿಮೆ. ಆದರೆ ಮೇಲೆ ಹೇಳಿದ 2019ರ ವಿಶ್ಲೇಷಣೆಯಲ್ಲಿ ಮಗುವಿನ ಅಪಾಯದ ಮಟ್ಟಿಗೆ ಎಡಕ್ಕೂ ಬಲಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಆದ್ದರಿಂದ ಎಡ ಸೊಂಟ ನೋಯುತ್ತಿದ್ದರೂ ಹಲ್ಲು ಕಚ್ಚಿಕೊಂಡು ಎಡಕ್ಕೇ ಮಲಗಬೇಕಾಗಿಲ್ಲ. ನಿದ್ದೆಗೆ ಜಾರುವಾಗ ಯಾವುದಾದರೂ ಒಂದು ಮಗ್ಗುಲಿಗೆ ಇರಿ. ಹಗಲಿನ ನಿದ್ದೆಗೂ ಇದೇ ಮಾತು. ರಾತ್ರಿ ಎಚ್ಚರವಾದಾಗ ಅಂಗಾತ ಇದ್ದೀರೆಂದು ಗೊತ್ತಾದರೆ ಗಾಬರಿಪಡದೆ ಪಕ್ಕಕ್ಕೆ ತಿರುಗಿ ಮತ್ತೆ ಮಲಗಿ, ಅಷ್ಟೆ.

ಎದ್ದು ಕುಳಿತೇ ಹೊರಳಬೇಕೇ?

ನಮ್ಮ ಅನೇಕ ಮನೆಗಳಲ್ಲಿ ಇನ್ನೊಂದು ಕಟ್ಟಳೆಯಿದೆ. ಬಸುರಿ ಮಲಗಿದ್ದಲ್ಲೇ ಒಂದು ಮಗ್ಗುಲಿಂದ ಇನ್ನೊಂದಕ್ಕೆ ಹೊರಳಬಾರದು, ಎದ್ದು ಕುಳಿತು ಆಮೇಲೆ ಆ ಕಡೆ ಮಲಗಬೇಕು. ಇಲ್ಲದಿದ್ದರೆ ಹೊಕ್ಕುಳಬಳ್ಳಿ ಮಗುವಿನ ಕೊರಳಿಗೆ ಸುತ್ತಿಕೊಳ್ಳುತ್ತದೆ ಎಂದು. ಪಾಪ, ಇದನ್ನು ಶ್ರದ್ಧೆಯಿಂದ ಪಾಲಿಸುವ ಹುಡುಗಿಯರು ರಾತ್ರಿ ಎಂಟು ಹತ್ತು ಸಲ ಎದ್ದು ಕೂರುತ್ತಾರೆ. ಅವರಿಗೆ ನಿದ್ದೆಯಿಲ್ಲವೆಂದರೆ ಆಶ್ಚರ್ಯವೇನು?

ಬಳ್ಳಿ ಸುತ್ತಿಕೊಳ್ಳುವುದು ಮಗು ನೀರಿನಲ್ಲಿ ತಾನೇ ತಿರುಗಾಡುವುದರಿಂದ, ತಾಯಿ ಹೊರಳುವುದರಿಂದಲ್ಲ. ಹುಟ್ಟುವಾಗ ಹೆಚ್ಚುಕಡಿಮೆ ನಾಲ್ಕು ಮಕ್ಕಳಲ್ಲಿ ಒಂದರ ಕೊರಳಿಗೆ ಬಳ್ಳಿಯ ಒಂದು ಸುತ್ತು ಇರುತ್ತದೆ; ಹೆರಿಗೆ ಮಾಡಿಸುವವರು ಅದನ್ನು ಬೆರಳಿನಿಂದ ಸರಿಸಿಬಿಡುತ್ತಾರೆ, ಮಗುವಿಗೆ ಏನೂ ಆಗಿರುವುದಿಲ್ಲ. ಹೀಗಾಗಿ ಧಾರಾಳವಾಗಿ ಹೊರಳಿ. ಹೊರಳುವಾಗ ಎರಡೂ ಮೊಣಕಾಲು ಮಡಿಸಿ, ಜೋಡಿಸಿಕೊಂಡು, ಭುಜ ಮತ್ತು ಸೊಂಟವನ್ನು ಒಟ್ಟಿಗೇ ತಿರುಗಿಸಿದರೆ ಸೊಂಟ ಹಿಡಿಯುವುದಿಲ್ಲ. ಹಾಸಿಗೆಯಿಂದ ಏಳುವಾಗ ಮಾತ್ರ ಅಜ್ಜಿಯರ ನಿಧಾನ ಬೇಕು: ಮೊದಲು ಮಗ್ಗುಲಾಗಿ, ಕೈಯೂರಿ, ಕುಳಿತು, ಒಂದು ನಿಮಿಷ ತಡೆದು ಆಮೇಲೆ ಎದ್ದೇಳಿ. ಚಾಪೆಯ ಮೇಲೆ ಮಲಗುವವರು ಮಂಡಿಯೂರಿ, ಗೋಡೆಯನ್ನೋ ಕುರ್ಚಿಯನ್ನೋ ಹಿಡಿದು ಏಳಬೇಕು.

ಗರ್ಭಿಣಿಯರಿಗೆಂದೇ ಉದ್ದನೆಯ ದಿಂಬುಗಳನ್ನು ಮಾರುತ್ತಾರೆ. ಕೊಳ್ಳುವ ಶಕ್ತಿಯಿದ್ದವರು ಕೊಳ್ಳಲಿ. ಹಳೆಯ ಹತ್ತಿ ಸೀರೆಗಳನ್ನು ಸುತ್ತಿ, ಒಂದು ಸುರುಳಿಯನ್ನು ಮೊಣಕಾಲುಗಳ ನಡುವೆ, ಒಂದನ್ನು ಹೊಟ್ಟೆಯ ಕೆಳಗೆ, ಇನ್ನೊಂದನ್ನು ಬೆನ್ನ ಹಿಂದೆ ಇಟ್ಟುಕೊಂಡರೆ ಅದೇ ಕೆಲಸವಾಗುತ್ತದೆ. ಬೆನ್ನ ಹಿಂದಿನ ಸುರುಳಿ ನೀವು ಅಂಗಾತ ಆಗದಂತೆಯೂ ತಡೆಯುತ್ತದೆ. ಮಲಗುವ ಮುನ್ನ ಲಂಗದ ಲಾಡಿ ಸಡಿಲಿಸುವುದನ್ನು ಮರೆಯಬೇಡಿ.

ನಿದ್ದೆ ಕೆಡಿಸುವ ಸಂಗತಿಗಳು

ಮೂತ್ರಕ್ಕೆ ಪದೇ ಪದೇ ಏಳುವುದು ತಪ್ಪದು. ಮಗುವಿನ ತಲೆ ಮೂತ್ರಕೋಶವನ್ನು ಒತ್ತುತ್ತಿರುತ್ತದೆ. ಹಗಲು ಚೆನ್ನಾಗಿ ನೀರು ಕುಡಿದು, ಮಲಗುವ ಎರಡು ಗಂಟೆ ಮೊದಲು ಕಡಿಮೆ ಮಾಡಿ. ಏಳಬೇಕಲ್ಲ ಎಂದು ದಿನವಿಡೀ ನೀರು ಬಿಡುವುದು ತಪ್ಪು. ಉರಿಮೂತ್ರವಿದ್ದರೆ ಅದು ಸೋಂಕು. ಬಾರ್ಲಿ ನೀರು, ಎಳನೀರು ಎಂದು ದಿನ ತಳ್ಳದೆ ಮೂತ್ರ ಪರೀಕ್ಷೆ ಮಾಡಿಸಿ, ಏಕೆಂದರೆ ಈ ಸೋಂಕು ಅಕಾಲದಲ್ಲಿ ಹೆರಿಗೆ ನೋವು ತರಬಲ್ಲದು.

ಎದೆಯುರಿಗೆ ಅರ್ಧ ಕಾರಣ ಹಾರ್ಮೋನು, ಅರ್ಧ ಕಾರಣ ರಾತ್ರಿ ಹತ್ತರ ಊಟ. ಧಾರಾವಾಹಿ ಮುಗಿದ ಮೇಲೆ ಹೊಟ್ಟೆ ತುಂಬ ಹುಳಿಯನ್ನ ತಿಂದು ಕೂಡಲೇ ಮಲಗಿದರೆ ಉರಿಯದೆ ಇನ್ನೇನು? ಏಳೂವರೆ ಎಂಟಕ್ಕೆ ಮಿತವಾಗಿ ಉಂಡು, ಹತ್ತು ನಿಮಿಷ ಅಂಗಳದಲ್ಲೋ ಮಹಡಿಯ ಮೇಲೋ ತಿರುಗಾಡಿ, ಹತ್ತಕ್ಕೆ ತಲೆಯ ಕಡೆ ತುಸು ಎತ್ತರಿಸಿಕೊಂಡು ಮಲಗಿ. ಅಡಿಗೆ ಸೋಡಾ ಕಲಸಿದ ನೀರು ಕುಡಿಯಬೇಡಿ. ಸುರಕ್ಷಿತವಾದ ಔಷಧಿಗಳಿವೆ, ಕೇಳಿದರೆ ಬರೆದುಕೊಡುತ್ತೇವೆ.

ನಡುರಾತ್ರಿ ಮೀನಖಂಡ ಹಿಡಿದುಕೊಂಡು ಕೂಗಿ ಎಬ್ಬಿಸುವುದು ಬಹಳ ಮನೆಗಳಲ್ಲಿ ನಡೆಯುವುದೇ. ಆಗ ಹಿಮ್ಮಡಿಯನ್ನು ಚಾಚಿ, ಕಾಲ್ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದುಕೊಳ್ಳಿ. ಹೊಟ್ಟೆ ಅಡ್ಡ ಬಂದರೆ ಗಂಡ ಎಳೆಯಲಿ. ಅವರೂ ಸ್ವಲ್ಪ ನಿದ್ದೆಗೆಡಬೇಕಲ್ಲ. ಮಲಗುವ ಮುನ್ನ ಗೋಡೆಗೆ ಕೈಯೂರಿ, ಒಂದು ಕಾಲು ಹಿಂದಿಟ್ಟು ಹಿಮ್ಮಡಿ ನೆಲಕ್ಕೊತ್ತಿ ಮೀನಖಂಡ ಎಳೆಯುವಂತೆ ನಿಂತರೆ ಹಿಡಿತ ಕಡಿಮೆಯಾಗುವುದುಂಟು. ಇದಕ್ಕಿಂತ ಬೇರೆಯಾದದ್ದು, ಮಲಗಿದ ಕೂಡಲೇ ಕಾಲಿನೊಳಗೆ ಇರುವೆ ಹರಿದಂತಾಗಿ, ಆಡಿಸುತ್ತಲೇ ಇರಬೇಕೆನಿಸುವ ತೊಂದರೆ. ಕಬ್ಬಿಣದ ಕೊರತೆಯೊಂದಿಗೆ ಇದಕ್ಕೆ ನಂಟಿದೆ, ರಕ್ತ ಪರೀಕ್ಷಿಸಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಅಂಗನವಾಡಿಯಿಂದಲೋ ಆಶಾ ಕಾರ್ಯಕರ್ತೆಯಿಂದಲೋ ಬಂದ ಕಬ್ಬಿಣದ ಮಾತ್ರೆ ಡಬ್ಬಿಯಲ್ಲೇ ಕೂತಿದ್ದರೆ ಏನು ಪ್ರಯೋಜನ? ಅದನ್ನು ಕಾಫಿ, ಚಹಾದಿಂದ ಒಂದು ಗಂಟೆ ದೂರವಿಡಿ. ಕ್ಯಾಲ್ಸಿಯಂ ಮಾತ್ರೆಯೊಂದಿಗೂ ನುಂಗಬೇಡಿ, ಒಂದು ಬೆಳಿಗ್ಗೆಯಾದರೆ ಇನ್ನೊಂದು ಬೇರೆ ಹೊತ್ತಿಗೆ.

ನಿದ್ದೆ ಮಾತ್ರೆ, ಮೈಕೈ ನೋವಿನ ಮಾತ್ರೆಗಳನ್ನು ಔಷಧಿ ಅಂಗಡಿಯಿಂದ ಬಾಯಿಮಾತಿನಲ್ಲಿ ತರಿಸಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳು ಕೊನೆಯ ತಿಂಗಳುಗಳಲ್ಲಿ ಮಗುವಿನ ಹೃದಯದ ಬಳಿ ಹುಟ್ಟುವ ತನಕ ತೆರೆದೇ ಇರಬೇಕಾದ ರಕ್ತನಾಳವನ್ನು ಬೇಗನೆ ಮುಚ್ಚಿಸಬಲ್ಲವು, ಮೂತ್ರಪಿಂಡಕ್ಕೂ ತೊಂದರೆ. ಸೊಂಟನೋವಿಗೆ ಬಿಸಿನೀರಿನ ಚೀಲ, ಹಗುರವಾಗಿ ತಿಕ್ಕಿಸಿಕೊಳ್ಳುವುದು ಸಾಕಾಗುತ್ತದೆ. ಸಾಲದಿದ್ದರೆ ವೈದ್ಯರನ್ನು ಕೇಳಿ ಪ್ಯಾರಾಸಿಟಮಾಲ್.

ದೇಹದ ಕಾರಣವೇನೂ ಇಲ್ಲದೆ, ಹೆರಿಗೆಯ ಹೆದರಿಕೆಯಿಂದಲೇ ಕಣ್ಣು ಮುಚ್ಚದವರೂ ಇದ್ದಾರೆ. ಪಕ್ಕದ ಮನೆಯವರು ತಮ್ಮ ಹೆರಿಗೆಯ ಘೋರ ಕಥೆಗಳನ್ನು ಬಸುರಿಯ ಮುಂದೆಯೇ ಹೇಳುವ ಉತ್ಸಾಹ ತಗ್ಗಿಸಿಕೊಂಡರೆ ದೊಡ್ಡ ಉಪಕಾರ. ಎರಡು ವಾರಕ್ಕೂ ಮೀರಿ ನಿದ್ದೆಯಿಲ್ಲ, ಸುಮ್ಮನೆ ಅಳು ಬರುತ್ತದೆ, ಯಾವುದರಲ್ಲೂ ಮನಸ್ಸಿಲ್ಲ ಎಂದರೆ ಅದು ಖಿನ್ನತೆಯಿರಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ. ಖರ್ಚಿಲ್ಲ.

ವ್ಯಾಯಾಮ ಎಂದರೆ ಎಷ್ಟು?

1985ರಲ್ಲಿ ಅಮೆರಿಕದ ಪ್ರಸೂತಿ ತಜ್ಞರ ಸಂಘ ಗರ್ಭಿಣಿಯರ ನಾಡಿ ನಿಮಿಷಕ್ಕೆ 140 ದಾಟಬಾರದು, ಶ್ರಮದ ವ್ಯಾಯಾಮ 15 ನಿಮಿಷ ಮೀರಬಾರದು ಎಂದು ಕಟ್ಟುನಿಟ್ಟು ಮಾಡಿತ್ತು. 1994ರಲ್ಲಿ ಅದೇ ಸಂಘ ಆ ಮಿತಿಯನ್ನು ಕೈಬಿಟ್ಟಿತು. ಈಗ ಅವರೂ, 2020ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ ಹೇಳುವುದು ಒಂದೇ: ತೊಡಕಿಲ್ಲದ ಬಸುರಿಯಲ್ಲಿ ವಾರಕ್ಕೆ 150 ನಿಮಿಷ ಮಧ್ಯಮ ಪ್ರಮಾಣದ ಚಟುವಟಿಕೆ ಒಳ್ಳೆಯದು. ಅಂದರೆ ವಾರಕ್ಕೆ ಐದು ದಿನ ಅರ್ಧ ಗಂಟೆ. ಒಟ್ಟಿಗೇ ಆಗದಿದ್ದರೆ ಊಟ ತಿಂಡಿಯ ಬಳಿಕ ಹತ್ತು ಹತ್ತು ನಿಮಿಷವಾಗಿ ಹಂಚಿಕೊಳ್ಳಿ; ಬಸುರಿನಲ್ಲಿ ಸಕ್ಕರೆ ಏರಿದವರಿಗಂತೂ ಊಟದ ನಂತರದ ನಡಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಮಧ್ಯಮ ಎಂದರೆ ನಡೆಯುತ್ತ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಮಾತು ತುಂಡು ತುಂಡಾದರೆ ವೇಗ ಇಳಿಸಿ.

ಇದರಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಸಂಭವ ತಗ್ಗುತ್ತದೆ, ಮಲಬದ್ಧತೆ ಕಡಿಮೆಯಾಗುತ್ತದೆ, ಬೆನ್ನು ಗಟ್ಟಿಯಾಗುತ್ತದೆ, ಹಗಲು ನಡೆದ ಮೈ ರಾತ್ರಿ ನಿದ್ದೆ ಕೇಳುತ್ತದೆ. ಸುಲಭ ಹೆರಿಗೆಯ ಖಾತರಿ ಮಾತ್ರ ಯಾರೂ ಕೊಡಲಾರರು. ದಿನಾ ನಡೆದವರಿಗೂ ಸಿಸೇರಿಯನ್ ಆಗಬಹುದು. ಆಗ "ನೀನು ಬಗ್ಗಿ ಕಸ ಗುಡಿಸಲಿಲ್ಲ, ಅದಕ್ಕೇ" ಎಂದು ಬಾಣಂತಿಯನ್ನು ಚುಚ್ಚುವುದು ಅನ್ಯಾಯ.

ಕೊನೆಯ ಮೂರು ತಿಂಗಳಲ್ಲಿ ಮುಖ್ಯ ಅಪಾಯ ಬೀಳುವುದು. ಹೊಟ್ಟೆ ಮುಂದೆ ಬಂದು ಮೈಯ ಸಮತೂಕ ಬದಲಾಗಿರುತ್ತದೆ, ಕೀಲುಗಳ ಕಟ್ಟು ಸಡಿಲಾಗಿರುತ್ತದೆ, ಕಾಲಿಡುವ ಜಾಗವೇ ಕಾಣುವುದಿಲ್ಲ. ಸವೆದ ಹವಾಯಿ ಚಪ್ಪಲಿ ಬೇಡ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲದ ಅಂಗಳ ಪಾಚಿಗಟ್ಟಿರುತ್ತದೆ. ಅಲ್ಲಿ ನಡಿಗೆ ಜಗಲಿಯ ಉದ್ದಕ್ಕೇ ಸಾಕು. ಬಚ್ಚಲಿನ ನೆಲ ಉಜ್ಜಿಡುವ ಕೆಲಸ ಮನೆಯ ಇತರರದು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬಿಸಿಲೇರುವ ಮುನ್ನವೇ ನಡಿಗೆ ಮುಗಿಸಿ, ನೀರು ಕುಡಿಯಿರಿ.

ನಡಿಗೆಯ ಜೊತೆಗೆ ಎರಡು ಸಣ್ಣ ಅಭ್ಯಾಸ ಸಾಕು. ಒಂದು, ಕೈ ಮತ್ತು ಮಂಡಿಯೂರಿ ಬೆಕ್ಕಿನಂತೆ ಬೆನ್ನನ್ನು ನಿಧಾನವಾಗಿ ಮೇಲಕ್ಕೆ ಬಾಗಿಸಿ ಮತ್ತೆ ಸಮ ಮಾಡುವುದು, ಎಂಟು ಹತ್ತು ಸಲ. ಇನ್ನೊಂದು, 1948ರಲ್ಲಿ ಅಮೆರಿಕದ ಸ್ತ್ರೀರೋಗ ತಜ್ಞ ಕೆಗೆಲ್ ಪ್ರಚಾರಕ್ಕೆ ತಂದ ಸೊಂಟದ ತಳದ ಸ್ನಾಯುಗಳ ವ್ಯಾಯಾಮ: ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುಗಳನ್ನೇ ಬಿಗಿದು, ಐದರವರೆಗೆ ಎಣಿಸಿ ಸಡಿಲ ಬಿಡುವುದು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಬಸ್ಸಿನಲ್ಲಿ ಕುಳಿತೂ ಮಾಡಬಹುದು, ಯಾರಿಗೂ ಗೊತ್ತಾಗದು. ಮೂತ್ರ ಮಾಡುತ್ತಿರುವಾಗ ಮಾತ್ರ ಬೇಡ. ಕೆಮ್ಮಿದಾಗ, ಸೀನಿದಾಗ ಮೂತ್ರ ಜಿನುಗುವ ನಾಚಿಕೆಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಯೋಗ ರೂಢಿಯಿದ್ದವರು ಮುಂದುವರಿಸಲಿ, ಆದರೆ ಕಪಾಲಭಾತಿ, ಉಸಿರು ಬಿಗಿಹಿಡಿಯುವ ಕುಂಭಕ, ತಲೆಕೆಳಗಾಗುವ ಆಸನ, ಹೊಟ್ಟೆಯ ಮೇಲೆ ಮಲಗುವ ಆಸನ ಬಿಡಬೇಕು. ಶವಾಸನವನ್ನೂ ಮಗ್ಗುಲಾಗಿಯೇ ಮಾಡಿ.

ವೈದ್ಯರನ್ನು ಕೇಳದೆ ವ್ಯಾಯಾಮ ಮಾಡಬಾರದವರು ಇದ್ದಾರೆ: ರಕ್ತಸ್ರಾವವಾದವರು, ಮಾಸು ಕೆಳಗೆ ಕುಳಿತಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ತಿಳಿದವರು, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿಸಿಕೊಂಡವರು, ರಕ್ತದೊತ್ತಡ ಏರಿದವರು, ಹೃದಯದ ಕವಾಟದ ಕಾಯಿಲೆಯವರು, ತೀವ್ರ ರಕ್ತಹೀನತೆಯವರು, ಅವಳಿ ಹೊತ್ತವರು.

ಇಲ್ಲಿಯವರೆಗಿನ ಮಾತು ಕುಳಿತು ಬಾಳುವವರಿಗೆ. ದಿನವಿಡೀ ಬಗ್ಗಿ ನಾಟಿ ಮಾಡುವವರಿಗೆ, ತೋಟದಲ್ಲಿ ಹೊರೆ ಹೊರುವವರಿಗೆ, ಎರಡು ಕೊಡ ನೀರನ್ನು ದಿಬ್ಬ ಹತ್ತಿಸುವವರಿಗೆ, ಗಾರ್ಮೆಂಟ್ಸ್‌ನಲ್ಲಿ ಎಂಟು ಗಂಟೆ ನಿಲ್ಲುವವರಿಗೆ ವ್ಯಾಯಾಮದ ಉಪದೇಶ ಮಾಡುವುದು ಕ್ರೌರ್ಯ. ಅವರಿಗೆ ಬೇಕಾದ್ದು ವಿಶ್ರಾಂತಿ, ಹಗಲು ಒಂದೆರಡು ಗಂಟೆ ಮಗ್ಗುಲಾಗಿ ಮಲಗುವ ಅವಕಾಶ. ಹೆರಿಗೆಗೆ ಆರು ವಾರ ಮುಂಚಿನ ಅವಧಿಯ ಹಿಂದಿನ ಒಂದು ತಿಂಗಳಲ್ಲಿ, ಆಕೆ ಕೇಳಿಕೊಂಡರೆ, ಶ್ರಮದ ಕೆಲಸವನ್ನೂ ಬಹಳ ಹೊತ್ತು ನಿಲ್ಲುವ ಕೆಲಸವನ್ನೂ ಕೊಡಕೂಡದು ಎಂದು 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಬರೆದಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಕೇಳಿದರೆ ತಾನೇ ಸಿಗುವುದು? ಕೇಳುವ ಧೈರ್ಯ ಎಷ್ಟು ಜನರಿಗಿದೆ ಎಂಬುದು ಬೇರೆ ಮಾತು.

ಬೆಳಗಿನವರೆಗೆ ಕಾಯಬಾರದ್ದು

ಕೆಲವು ತೊಂದರೆಗಳು ರಾತ್ರಿಯ ವೇಳೆಯೇ ಗೊತ್ತಾಗುತ್ತವೆ, ಮನೆಯವರನ್ನು ಎಬ್ಬಿಸಲು ಸಂಕೋಚಪಟ್ಟು ಹೆಂಗಸರು ಸುಮ್ಮನಿರುತ್ತಾರೆ. ಅಂಗೈ ಅಂಗಾಲು ವಿಪರೀತ ನವೆ, ರಾತ್ರಿಯಲ್ಲಿ ಹೆಚ್ಚು, ಚರ್ಮದ ಮೇಲೆ ಗುಳ್ಳೆಯಿಲ್ಲ ಎಂದರೆ ಅದನ್ನು ಉಷ್ಣ ಎನ್ನಬೇಡಿ. ಪಿತ್ತಕೋಶದ ರಸ ರಕ್ತದಲ್ಲಿ ನಿಲ್ಲುವ ಒಂದು ಕಾಯಿಲೆಯಿದೆ, ತೀವ್ರವಾದರೆ ಮಗುವಿನ ಜೀವಕ್ಕೇ ಕುತ್ತು. ಮರುದಿನವೇ ರಕ್ತ ಪರೀಕ್ಷೆಯಾಗಬೇಕು. ಹೊಸದಾಗಿ ಜೋರು ಗೊರಕೆ ಶುರುವಾದರೆ ನಗಬೇಡಿ, ರಕ್ತದೊತ್ತಡ ನೋಡಿಸಿ. ತಲೆ ಸಿಡಿತ, ಕಣ್ಣು ಮಂಜು, ಮೇಲ್ಹೊಟ್ಟೆ ನೋವು, ಮುಖ ಕೈಗಳ ದಿಢೀರ್ ಊತ, ಒಂದೇ ಕಾಲಿನ ಊತ ಮತ್ತು ನೋವು, ಎದೆನೋವು, ಮಲಗಿದರೆ ಉಸಿರು ಕಟ್ಟುವುದು, ನೀರು ಒಡೆಯುವುದು, ರಕ್ತ ಕಾಣುವುದು, ಇವು ಯಾವುದಾದರೂ ಸರಿ, ಗಂಟೆ ನೋಡದೆ 108ಕ್ಕೆ ಕರೆ ಮಾಡಿ.

ಎಲ್ಲಕ್ಕಿಂತ ಮುಖ್ಯ, ಮಗುವಿನ ಮಿಸುಕಾಟ. "ದಿನ ತುಂಬಿತಲ್ಲ, ಜಾಗ ಸಾಲದೆ ಸುಮ್ಮನಾಗಿದೆ" ಎಂಬ ಮಾತು ಬಹಳ ಕಡೆ ಕೇಳುತ್ತೇನೆ. ಇದು ಸುಳ್ಳು, ಅಪಾಯಕಾರಿ ಸುಳ್ಳು. ಒದೆತದ ರೀತಿ ಬದಲಾಗಬಹುದು, ಉರುಳಿದಂತೆ, ತಳ್ಳಿದಂತೆ ಅನಿಸಬಹುದು. ಆದರೆ ಮಿಸುಕಾಟ ಹೆರಿಗೆಯ ದಿನದವರೆಗೂ ಇರಬೇಕು. ಪ್ರತಿ ಮಗುವಿಗೂ ತನ್ನದೇ ವೇಳೆಯಿದೆ, ಬಹುಪಾಲು ಮಕ್ಕಳು ತಾಯಿ ಮಲಗಿದ ಮೇಲೆ ರಾತ್ರಿ ಚುರುಕು. ನಿಮ್ಮ ಮಗುವಿನ ವೇಳೆ ನಿಮಗೇ ಗೊತ್ತಿರುತ್ತದೆ. ಎಂದಿಗಿಂತ ಕಡಿಮೆ ಎನಿಸಿದರೆ ಸಕ್ಕರೆ ನೀರು ಕುಡಿದು ಬೆಳಗಾಗಲಿ ಎಂದು ಕಾಯುವುದಲ್ಲ, ಹೊರಟುಬಿಡಿ. ಆಸ್ಪತ್ರೆಯಲ್ಲಿ ಎದೆಬಡಿತ ಕೇಳಿಸಿ, ಎಲ್ಲ ಸರಿಯಿದೆ ಎಂದು ಕಳುಹಿಸಿದರೆ ಹೋದ ಆಟೋ ಬಾಡಿಗೆಗಾಗಿ ಯಾರೂ ಬಸುರಿಯನ್ನು ಗದರಬಾರದು. ಮರುದಿನ ಮತ್ತೆ ಹಾಗೆ ಅನಿಸಿದರೆ ಮತ್ತೆ ಹೋಗಬೇಕು.

ಇನ್ನು, ಕೊಟ್ಟ ದಿನಾಂಕ ದಾಟಿದರೂ ನೋವು ಬಾರದಿದ್ದಾಗ "ಚೆನ್ನಾಗಿ ನಡೆಸಿ, ಹರಳೆಣ್ಣೆ ಕುಡಿಸಿ" ಎನ್ನುವವರಿದ್ದಾರೆ. ಹಿತವಾಗಿ ನಡೆಯುವುದರಿಂದ ಕೇಡಿಲ್ಲ, ಆದರೆ ಸುಸ್ತಾಗಿ ಬೀಳುವಷ್ಟು ನಡೆಸಿದರೆ ನೋವು ಬೇಗ ಬರುತ್ತದೆಂಬುದಕ್ಕೆ ಆಧಾರವಿಲ್ಲ. ಹರಳೆಣ್ಣೆಯಿಂದ ಭೇದಿಯಾಗಿ ನಿತ್ರಾಣವಾಗುವುದೇ ಹೆಚ್ಚು. ಹೆರಿಗೆಗೆ ಬೇಕಾದ ಶಕ್ತಿಯನ್ನು ಮೊದಲೇ ಏಕೆ ಖರ್ಚು ಮಾಡಬೇಕು? ದಿನಾಂಕ ದಾಟಿದ ಮೇಲೆ ತಾಯಿ ಕಾರ್ಡ್ ಹಿಡಿದು ಆಸ್ಪತ್ರೆಗೆ ಹೋಗಿ ಮಗುವಿನ ಸ್ಥಿತಿ ತೋರಿಸಿಕೊಳ್ಳಿ, ನೋವು ಬರಿಸುವ ಅಗತ್ಯವಿದೆಯೇ ಎಂದು ಅಲ್ಲಿ ನಿರ್ಧರಿಸುತ್ತಾರೆ. ಅಲ್ಲಿಯವರೆಗೆ ಬೆಳಿಗ್ಗೆ ಸಂಜೆ ನಿಮ್ಮ ಎಂದಿನ ನಡಿಗೆ, ಮಧ್ಯಾಹ್ನ ಒಂದು ಸಣ್ಣ ನಿದ್ದೆ.